ಹೊನ್ನಾಳಿ ಹೊಡೆತಕ್ಕೂ ಬಗ್ಗದ ತಿರುಪು

ರಾತ್ರಿಯೆಲ್ಲ ಹಿಡಿದಿದ್ದ ಜಿಟಿಜಿಟಿ ಮಳೆ ಬೆಳಿಗ್ಗೆ ಸ್ವಲ್ಪ ಬಿಡುವು ಕೊಟ್ಟಿದೆ. ನ್ಯಾಮತಿಯ ಗ್ಯಾರೇಜೊಂದರ ಮುಂದೆ ಹಳೆಯ ಹೀರೋ ಹೋಂಡಾ ನಿಂತಿದೆ. ಗೋಣಿತಾಟಿನ ಮೇಲೆ ಕುಕ್ಕರಗಾಲಲ್ಲಿ ಕೂತ ಮೇಸ್ತ್ರಿ ಇಂಜಿನ್ನಿನ ಪಕ್ಕದ ಮುಚ್ಚಳವನ್ನೇ ನೋಡುತ್ತಿದ್ದಾರೆ. ಎಲ್ಲ ಸ್ಕ್ರೂಗಳೂ ಬಂದಿವೆ, ಒಂದು ಬಿಟ್ಟು. ಅದರ ತಲೆಯ ಮೇಲಿನ ಪ್ಲಸ್ ಗುಳಿ ಸವೆದು ಸಣ್ಣ ಬಟ್ಟಲಿನಂತಾಗಿದೆ. ಗಾಡಿ ತಂದ ಹುಡುಗ ಮನೆಯಲ್ಲೇ ಬಿಚ್ಚಲು ನೋಡಿದ್ದನಂತೆ.

"ಎಷ್ಟು ಸಲ ತಿರುವಿದಿ?"

"ನಾಕೈದು ಸಲ ಅಣ್ಣಾ. ಜಾರ್ತಾನೇ ಇತ್ತು."

"ಮೊದಲ್ನೇ ಸಲ ಜಾರಿದಾಗ್ಲೇ ಬಿಡಬೇಕಿತ್ತಪ್ಪ."

ಹುಡುಗನ ಕೈಯಲ್ಲಿದ್ದದ್ದು ಅಂಗಡಿಯಲ್ಲಿ ಸಿಗುವ ಸಾದಾ ಸ್ಟಾರ್ ಸ್ಕ್ರೂಡ್ರೈವರ್. ಅದರ ಮೂಲ ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಮಾದರಿ. ಆದರೆ 1985ರಲ್ಲಿ ಹೀರೋ ಹೋಂಡಾದ ಸಿಡಿ 100 ಬಂದಾಗಿನಿಂದ ನಮ್ಮ ರಸ್ತೆಗಳಲ್ಲಿ ಓಡುತ್ತಿರುವ ಈ ಬೈಕುಗಳು ಜಪಾನಿನ ಸಂತಾನ. ಜಪಾನ್ ಅಳತೆಯ ಸ್ಕ್ರೂ ಕಣ್ಣಿಗೆ ಅದೇ ರೀತಿ ಕಂಡರೂ ಗುಳಿಯ ಒಳಗಿನ ಆಕಾರ ಬೇರೆ. ಫಿಲಿಪ್ಸ್ ತುದಿ ಅದರ ತಳ ಮುಟ್ಟಿ ಕೂರುವುದಿಲ್ಲ. ಬಲ ಹಾಕಿದಷ್ಟೂ ಮೇಲಕ್ಕೆ ಏಳುತ್ತದೆ, ಏಳುವಾಗ ಅಂಚನ್ನು ಕೆತ್ತಿಕೊಂಡೇ ಏಳುತ್ತದೆ. ಎಷ್ಟೋ ಮನೆಗಳಲ್ಲಿ ಸ್ಕ್ರೂ ಕೆಡಲು ಕಾರಣ ತುಕ್ಕಲ್ಲ, ಈ ಹೊಂದದ ತುದಿ.

ಮೇಸ್ತ್ರಿ ಮೊದಲು ಗುಳಿಯಲ್ಲಿ ಸೇರಿದ್ದ ಮಣ್ಣನ್ನು ಸೈಕಲ್ ಕಡ್ಡಿಯ ಮೊನೆಯಿಂದ ಕೆದಕಿದರು. ಬುಡಕ್ಕೆ ಎರಡು ಹನಿ ಡೀಸೆಲ್ ಬಿಟ್ಟು, ಟೀ ಕುಡಿದು ಬಂದರು. ವಾಲ್ವ್ ಉಜ್ಜುವ ಪೇಸ್ಟನ್ನು ಸಾಸಿವೆಯಷ್ಟು ತೆಗೆದು ಡ್ರೈವರಿನ ತುದಿಗೆ ಹಚ್ಚಿದರು. ಅದರೊಳಗಿನ ಒರಟು ಪುಡಿ ಸವೆದ ಲೋಹವನ್ನು ಕಚ್ಚಿ ಹಿಡಿಯುತ್ತದೆ. ಆಮೇಲೆ ಡ್ರೈವರ್ ನೆಟ್ಟಗೆ ನಿಲ್ಲಿಸಿ, ಅದರ ನೆತ್ತಿಗೆ ಸುತ್ತಿಗೆಯಿಂದ ಟಕ್, ಟಕ್, ಟಕ್. ಈ ಸಣ್ಣ ಏಟಿಗೆ ಎಳೆಗಳ ನಡುವಿನ ತುಕ್ಕು ಬಿರಿಯುತ್ತದೆ, ಬಿರಿದ ಸಂದಿಗೆ ಡೀಸೆಲ್ ಇಳಿಯುತ್ತದೆ. ಕೊನೆಗೆ ಎದೆಯ ಭಾರವನ್ನೆಲ್ಲ ಡ್ರೈವರಿನ ಮೇಲೆ ಹಾಕಿ ಕಾಲು ಸುತ್ತು ತಿರುವಿದರು. ಕಿರ್ ಎಂದಿತು. ಆ ಸದ್ದು ಕೇಳಿದ್ದೇ ಹುಡುಗನ ಮುಖ ಅರಳಿತು.

ಹಾಗೂ ಬಾರದಿದ್ದರೆ ಬೆಂಕಿ. ಉಕ್ಕಿನ ಸ್ಕ್ರೂಗಿಂತ ಅದರ ಸುತ್ತಲಿನ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡದೆ ಈ ಕೆಲಸಕ್ಕೆ ಕೈ ಹಾಕುವಂತಿಲ್ಲ.

ಚನ್ನಗಿರಿ ಕಡೆ ಹೋದರೆ ಸಮಸ್ಯೆಯ ಬಣ್ಣವೇ ಬೇರೆ, ಅಕ್ಷರಶಃ ಕಪ್ಪು. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಸುಲಿಯುವ ಯಂತ್ರಗಳಿಗೆ ಪುರುಸೊತ್ತಿಲ್ಲ. ಹಸಿ ಅಡಿಕೆಯ ಚೊಗರು ಕಬ್ಬಿಣಕ್ಕೆ ತಾಗಿದರೆ ಮಸಿಯಂತೆ ಕಪ್ಪಾಗುತ್ತದೆ. ಅಡಿಕೆ ಸುಲಿಯುವ ಹೆಣ್ಣುಮಕ್ಕಳ ಬೆರಳಿನ ಮೇಲೂ ಅದೇ ಕರೆ. ಆ ಮಸಿ, ಸಿಪ್ಪೆಯ ನಾರು, ಧೂಳು ಮೂರೂ ಸೇರಿ ಒಣಗಿದರೆ ಸ್ಕ್ರೂವಿನ ತಲೆ ಎಲ್ಲಿದೆ ಎಂಬುದೇ ಗೊತ್ತಾಗದು. ಅಲ್ಲಿ ಅರ್ಧ ಕೆಲಸ ಬಿಸಿನೀರು ಮತ್ತು ತಂತಿಬ್ರಶ್ಶಿನದು.

ತುಂಗಭದ್ರೆಯ ದಂಡೆಯ ಹೊನ್ನಾಳಿಯದು ಭತ್ತದ ಗದ್ದೆಯ ಕೆಸರು. ನಾಟಿ ಮುಗಿದ ಮೇಲೆ ತೊಳೆಯದೆ ಬಿಟ್ಟ ಟಿಲ್ಲರ್ ಗಾಲಿಯ ಬೋಲ್ಟು ಮುಂದಿನ ಹಂಗಾಮಿಗೆ ಕಲ್ಲಾಗಿರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಎಳೆಗಳ ನಡುವೆ ಆ ಜಾಗ ಎಲ್ಲಿಂದ ಬರಬೇಕು? ಹಾಗಾಗಿ ಒತ್ತಿ ಹಿಡಿಯುತ್ತದೆ. "ಹೊನ್ನಾಳಿ ಹೊಡೆತ" ನಾಡಿಗೆಲ್ಲ ಗೊತ್ತಿರುವ ಮಾತು, ಆದರೆ ಬೋಲ್ಟಿಗೆ ಆ ಹೊಡೆತ ಕೊಟ್ಟರೆ ಬರುವುದು ಬರೀ ತಲೆ. ಮೈ ಒಳಗೇ ಉಳಿಯುತ್ತದೆ. ಆಗ ವೆಲ್ಡಿಂಗ್ ಅಂಗಡಿಯೇ ಗತಿ. ಮುರಿದ ಮೊಂಡಿನ ಮೇಲೆ ಹೊಸ ನಟ್ಟೊಂದನ್ನು ಇಟ್ಟು ಬೆಸೆಯುತ್ತಾರೆ. ಬೆಸುಗೆಯ ಕಾವು ತುಕ್ಕನ್ನು ಬಿಡಿಸುತ್ತದೆ, ನಟ್ಟು ಪಾನಾಗೆ ಹಿಡಿ ಕೊಡುತ್ತದೆ. ಇದಕ್ಕಿಂತ ಜಾಣ ಕೆಲಸವನ್ನು ನಾನು ಕಂಡಿಲ್ಲ.

ಜಗಳೂರಿಗೆ ಬಂದರೆ ಮಳೆಯೇ ಕಡಿಮೆ, ಬಯಲುಸೀಮೆ. ಅಲ್ಲಿ ಹಟ ಹಿಡಿಯುವುದು ಕೊಳವೆಬಾವಿಯ ಪೈಪು. ಮೋಟರ್ ಸುಟ್ಟರೆ ಇಪ್ಪತ್ತು ಅಡಿಯ ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಎತ್ತಿ ಬಿಚ್ಚಬೇಕು. ವರ್ಷಗಟ್ಟಲೆ ಗಡಸು ನೀರಿನಲ್ಲಿದ್ದ ಕಪ್ಲಿಂಗಿಗೆ ಬಿಳಿ ಪೊರೆ ಕಟ್ಟಿರುತ್ತದೆ. ಒಬ್ಬರು ಕೆಳಗೆ ಪಾನಾ ಕಚ್ಚಿಸಿ ನಿಲ್ಲುತ್ತಾರೆ, ಇನ್ನೊಬ್ಬರು ಮೇಲೆ. ಮೂರನೆಯವರು ಕಪ್ಲಿಂಗಿನ ಸುತ್ತ ಸುತ್ತಿಗೆ ಆಡಿಸುತ್ತಾರೆ. ಬಿಸಿಲು ನೆತ್ತಿಗೇರಿರುತ್ತದೆ, ಬದುವಿನ ಮೇಲೆ ಕೂತ ರೈತ ಒಣಗುತ್ತಿರುವ ಬೆಳೆಯನ್ನೂ ಪೈಪನ್ನೂ ಸರದಿಯಲ್ಲಿ ನೋಡುತ್ತಿರುತ್ತಾನೆ. ಒಂದು ಎಳೆ ಬಿಡುವುದಕ್ಕೆ ಅಷ್ಟು ಕಣ್ಣುಗಳು ಕಾಯುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನ್ಯಾಮತಿಯ ಮೇಸ್ತ್ರಿ ಹೊಸ ಸ್ಕ್ರೂ ಹಾಕುವ ಮುನ್ನ ಎಳೆಗೆ ಬೆರಳ ತುದಿಯಿಂದ ಚೂರು ಗ್ರೀಸ್ ಸವರಿದರು. ಈ ಮಳೆಗಾಲ ಮುಗಿದೊಡನೆ ನಿಮ್ಮ ಗಾಡಿ, ಟಿಲ್ಲರ್, ಸುಲಿಯುವ ಯಂತ್ರದ ತಿರುಪುಗಳನ್ನೂ ಒಮ್ಮೆ ಸಡಿಲಿಸಿ, ಅಷ್ಟೇ ಗ್ರೀಸ್ ಸವರಿ, ಮತ್ತೆ ಬಿಗಿದಿಡಿ.