ಪ್ರವಾಸಕ್ಕೆ ಯಾವ ಝೂಮ್ ಮಸೂರ?

ನಾವು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯವನ್ನೂ ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮವನ್ನೂ ನೋಡಹೊರಟಿದ್ದೇವೆ ಎನ್ನೋಣ. ಕ್ಯಾಮೆರಾಕ್ಕೆ ಒಂದೇ ಮಸೂರವನ್ನು ಕೊಳ್ಳುವಷ್ಟು ಹಣ ನಮ್ಮಲ್ಲುಂಟು. ಯಾವುದನ್ನು ಆರಿಸಬೇಕು?

ಸಂಗಮದೂರವನ್ನು ಬೇಕಾದಂತೆ ಹೆಚ್ಚುಕಡಿಮೆ ಮಾಡಬಲ್ಲ ಮಸೂರವೇ ಝೂಮ್. ವಸ್ತುವಿನ ದೂರವನ್ನು ಕ್ಯಾಮೆರಾದೊಳಗಿನ ಸಂವೇದಕದ ಅಗಲದಿಂದ ಗುಣಿಸಿ, ಸಂಗಮದೂರದಿಂದ ಭಾಗಿಸಿದರೆ, ಚಿತ್ರದಲ್ಲಿ ಅಡಕವಾಗುವ ಅಗಲವು ದೊರೆಯುತ್ತದೆ. ಸಂವೇದಕವು 36 ಮಿ.ಮೀ. ಅಗಲವಿದ್ದರೆ, 10 ಮೀಟರ್ ದೂರದಲ್ಲಿ 24 ಮಿ.ಮೀ. ಸಂಗಮದೂರವು 15 ಮೀಟರ್ ಅಗಲವನ್ನು ಒಳಗೊಳ್ಳುತ್ತದೆ, 105 ಮಿ.ಮೀ. ಸುಮಾರು ಮೂರೂವರೆ ಮೀಟರನ್ನು ಮಾತ್ರ. ಆದ್ದರಿಂದ 24ರಿಂದ 105ರವರೆಗಿನ ಝೂಮ್ ಗುಡಿಯ ಹೊರನೋಟಕ್ಕೂ ಶಿಖರದ ಶಿಲ್ಪಕ್ಕೂ ಒದಗುತ್ತದೆ.

240ರವರೆಗೆ ಹಿಗ್ಗುವ ಮಸೂರವು ಇನ್ನೂ ಮೇಲಲ್ಲವೆ? ಗುಡವಿಯಲ್ಲಿ 50 ಮೀಟರ್ ದೂರದಲ್ಲಿ ಕುಳಿತ, ಮುಕ್ಕಾಲು ಮೀಟರ್ ಉದ್ದದ ಬಿಳಿ ಕೆಂಬರಲು ಹಕ್ಕಿಯು ಅದರಲ್ಲೂ ಚಿತ್ರದ ಅಗಲದ ಹತ್ತರಲ್ಲೊಂದು ಪಾಲಷ್ಟೆ. ಮೇಲಾಗಿ, ಹಿಗ್ಗಿಸಿದಾಗ ಅಂಥ ಮಸೂರದ ಬೆಳಕಿನ ಕಂಡಿಯು ಸಾಮಾನ್ಯವಾಗಿ ಎಫ್/6.3ರಷ್ಟು ಕಿರಿದಾಗುತ್ತದೆ. ಆಗ ಎಫ್/4ರ ಕಂಡಿಗೆ ಬೇಕಾದ ಕಾಲದ ಎರಡೂವರೆ ಪಟ್ಟು ಕಾಲ ಅದನ್ನು ತೆರೆದಿಡಬೇಕು. ನವರಂಗದ ಮಬ್ಬಿನಲ್ಲಿ ಅಷ್ಟರೊಳಗೆ ಕೈ ಅಲುಗಿದರೆ ಚಿತ್ರವು ಕದಡಿಹೋಗುತ್ತದೆ.

ಎಲ್ಲವನ್ನೂ ಹಿಡಿಯಹೊರಟ ಮಸೂರವು ಎರಡೆಡೆಯೂ ಸೋಲುತ್ತದೆ. ಎಫ್/4ರ 24–105 ಝೂಮೇ ನಮ್ಮ ಆಯ್ಕೆ. ಗುಡವಿಯ ಹಕ್ಕಿಗಳನ್ನು ದುರ್ಬೀನಿನಿಂದ ಕಣ್ತುಂಬ ನೋಡೋಣ.