72ನೇ ಮನೆಯ ಲೆಕ್ಕ

ಆವರ್ತ ಕೋಷ್ಟಕದ ಪಾಠವನ್ನು ನಾನು ಹೈಡ್ರೋಜನ್‌ನಿಂದ ಆರಂಭಿಸುವುದಿಲ್ಲ, 72ನೇ ಮನೆಯಿಂದ ಆರಂಭಿಸುತ್ತೇನೆ. ಅಲ್ಲಿರುವ ಹಾಫ್ನಿಯಮ್ ಹೆಸರನ್ನು ಪಿಯುಸಿ ಮಕ್ಕಳು ಅಷ್ಟಾಗಿ ಕೇಳಿರುವುದಿಲ್ಲ. ಆದರೆ ಕೋಷ್ಟಕದ ಎರಡು ತುದಿ ಎತ್ತರವಾಗಿ, ನಡುವೆ ತಗ್ಗಾಗಿ, ಕೆಳಗೆ ಎರಡು ಸಾಲು ಬೇರೆಯಾಗಿ ಏಕಿವೆ ಎಂಬುದನ್ನು ಇಷ್ಟು ಚೆನ್ನಾಗಿ ತಿಳಿಸಿಕೊಡುವ ಧಾತು ನನಗೆ ಬೇರೆ ಸಿಕ್ಕಿಲ್ಲ.

1869ರಲ್ಲಿ ಮೆಂಡಲೀವ್ ಧಾತುಗಳನ್ನು ತೂಕ ಮತ್ತು ಗುಣ ನೋಡಿ ಜೋಡಿಸಿದರು. ಆಗಿನ್ನೂ ಎಲೆಕ್ಟ್ರಾನ್ ಪತ್ತೆಯಾಗಿರಲಿಲ್ಲ. 1913ರಲ್ಲಿ ಹೆನ್ರಿ ಮೋಸ್ಲಿ ಎಂಬ ತರುಣ, ಧಾತುಗಳು ಹೊಮ್ಮಿಸುವ ಎಕ್ಸ್-ಕಿರಣಗಳನ್ನು ಅಳೆದು, ಪ್ರತಿಯೊಂದಕ್ಕೂ ಖಚಿತವಾದ ಕ್ರಮಸಂಖ್ಯೆ ಇದೆಯೆಂದು ತೋರಿಸಿದ. ಹಾಗೆ ಎಣಿಸುತ್ತ ಹೋದಾಗ ಖಾಲಿ ಉಳಿದ ಮನೆಗಳಲ್ಲಿ 72 ಒಂದು. ಅದನ್ನು ವಿರಳ ಭಸ್ಮ ಧಾತುಗಳ ನಡುವೆ ಕಂಡೆನೆಂದು ಪ್ಯಾರಿಸ್ಸಿನ ಜಾರ್ಜ್ ಉರ್ಬೇನ್ 1911ರಲ್ಲೇ ಸಾರಿದ್ದರು. 1914ರಲ್ಲಿ ಆ ಮಾದರಿಯನ್ನು ಮೋಸ್ಲಿ ಪರೀಕ್ಷಿಸಿದಾಗ 72ರ ಗುರುತೇ ಸಿಗಲಿಲ್ಲ. ಮರುವರ್ಷ ಗಲಿಪೊಲಿಯ ಯುದ್ಧದಲ್ಲಿ ಅವನು ಸತ್ತ. ವಯಸ್ಸು 27. ಈ ಸಾಲನ್ನು ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

1922ರಲ್ಲಿ ಪ್ಯಾರಿಸ್ಸಿನಿಂದ ಅದೇ ವಾದ ಮತ್ತೆ ಎದ್ದಿತು. ಕೋಪನ್‌ಹೇಗನ್‌ನಲ್ಲಿದ್ದ ನೀಲ್ಸ್ ಬೋರ್ ಮಾತ್ರ ಅದನ್ನು ಒಪ್ಪಲಿಲ್ಲ. 72 ವಿರಳ ಭಸ್ಮ ಧಾತು ಆಗಲಾರದು, ಜಿರ್ಕೋನಿಯಮ್‌ನ ಬಂಧು ಆಗಿರಬೇಕು ಎಂದರು. ಅವರ ಆಧಾರ ಎಲೆಕ್ಟ್ರಾನ್‌ಗಳ ಎಣಿಕೆ.

ಆ ಎಣಿಕೆಯನ್ನು ಇಂದಿನ ಮಾತಿನಲ್ಲಿ ಹೇಳುತ್ತೇನೆ. ಪರಮಾಣುವಿನಲ್ಲಿ ಎಲೆಕ್ಟ್ರಾನ್ ಇರಬಹುದಾದ ನೆಲೆಗೆ ಆರ್ಬಿಟಲ್ ಎನ್ನುತ್ತೇವೆ. ಎಸ್ ಬಗೆಯದು ಒಂದು, ಪಿ ಬಗೆಯವು ಮೂರು, ಡಿ ಐದು, ಎಫ್ ಏಳು. ಒಂದೊಂದರಲ್ಲಿ ಎರಡೇ ಎಲೆಕ್ಟ್ರಾನ್‌ಗೆ ಜಾಗ. ಇದು 1925ರಲ್ಲಿ ಪೌಲಿ ಕೊಟ್ಟ ನಿಯಮ. ಹಾಗಾದರೆ ಹಿಡಿಸುವುದು 2, 6, 10, 14. ಈಗ ಗೋಡೆಯ ಮೇಲಿನ ಕೋಷ್ಟಕ ನೋಡಿ. ಎಡಗಡೆ 2 ಕಂಬಸಾಲು, ಬಲಗಡೆ 6, ನಡುವೆ 10. ಅಂದಕ್ಕೆಂದು ಯಾರೂ ಬಿಡಿಸಿದ ಚಿತ್ರ ಇದಲ್ಲ. ಹೀಲಿಯಮ್ ಒಂದು ಮಾತ್ರ ಎಸ್ ಗುಂಪಿನದಾದರೂ ಗುಣ ನೋಡಿ ಬಲತುದಿಯಲ್ಲಿದೆ.

ತುಂಬುವ ಕ್ರಮದಲ್ಲೂ ಒಂದು ವಿಶೇಷವಿದೆ. ಪೊಟ್ಯಾಸಿಯಮ್‌ನ 19ನೇ ಎಲೆಕ್ಟ್ರಾನ್ ಮೂರನೇ ಕವಚದ ಡಿ ಖಾಲಿಯಿದ್ದರೂ ಅದನ್ನು ಬಿಟ್ಟು ನಾಲ್ಕನೇ ಕವಚದ ಎಸ್‌ಗೆ ಹೋಗುತ್ತದೆ, ಅಲ್ಲಿ ಅದರ ಶಕ್ತಿಮಟ್ಟ ಕಡಿಮೆ. ಡಿ ತುಂಬುವುದು ಸ್ಕ್ಯಾಂಡಿಯಮ್‌ನಿಂದ, ನಾಲ್ಕನೇ ಸಾಲಿನಲ್ಲಿ. ಎಫ್‌ನ ಸರದಿ ಇನ್ನೂ ತಡ, ಆರನೇ ಸಾಲಿನಲ್ಲಿ. ಕೆಳಗೆ ಬೇರೆಯಾಗಿರುವ ಎರಡು ಸಾಲುಗಳಲ್ಲಿ ಮೊದಲನೆಯದು ಆ 14 ಮನೆಗಳದ್ದೇ, ವಿರಳ ಭಸ್ಮ ಧಾತುಗಳದ್ದು.

ಬೋರ್ ಲೆಕ್ಕ ಇನ್ನು ಸುಲಭ. 72ರ ಹಿಂದಿನ ಜಡ ಅನಿಲ ಕ್ಸೆನಾನ್, ಅದರದು 54. ಉಳಿದದ್ದು 18. ಎಸ್‌ಗೆ 2, ಎಫ್‌ಗೆ 14 ಕೊಟ್ಟರೆ ಕೊನೆಗೆ 2 ಉಳಿಯುತ್ತವೆ, ಅವು ಡಿಗೆ. ಜಿರ್ಕೋನಿಯಮ್‌ನದು 40, ಅದರಲ್ಲಿ ಕ್ರಿಪ್ಟಾನ್‌ನ 36 ಕಳೆದರೆ 4, ಎಸ್‌ಗೆ 2, ಡಿಗೆ 2. ಹೊರಗಿನ ಜೋಡಣೆ ಎರಡಕ್ಕೂ ಒಂದೇ. ರಾಸಾಯನಿಕ ಗುಣವನ್ನು ತೀರ್ಮಾನಿಸುವುದು ಈ ಹೊರಗಿನವೇ. (71ನೇ ಲುಟೀಷಿಯಮ್‌ಗೆ ಬರುವ ಹೊತ್ತಿಗೇ ಎಫ್ ತುಂಬಿರುತ್ತದೆ. ಅದನ್ನೂ ಕೆಳಗಿನ ಸಾಲಿಗೆ ಸೇರಿಸಿ 15 ಮನೆ ಬರೆಯುವ ಚಾರ್ಟುಗಳು ನನಗೆ ಒಪ್ಪಿಗೆಯಿಲ್ಲ. ಅದರ ಜಾಗ ಇಟ್ರಿಯಮ್ ಕೆಳಗೆ.)

ಡಚ್ಚರ ಡಿರ್ಕ್ ಕಾಸ್ಟರ್ ಮತ್ತು ಹಂಗೇರಿಯ ಜಾರ್ಜ್ ಹೆವೆಶಿ, ಬೋರ್ ಬಳಿಯೇ ಇದ್ದವರು, ಜಿರ್ಕೋನಿಯಮ್ ಅದಿರಿನಲ್ಲಿ ಹುಡುಕಿದರು. ಮೋಸ್ಲಿಯ ವಿಧಾನದಲ್ಲೇ, ಅದಿರು ಹೊಮ್ಮಿಸಿದ ಎಕ್ಸ್-ಕಿರಣಗಳನ್ನು ಅಳೆದಾಗ 72ರ ಗೆರೆಗಳು ಎದ್ದು ಕಂಡವು. ಬೋರ್ ಆಗ ನೊಬೆಲ್ ಪಡೆಯಲು ಸ್ಟಾಕ್‌ಹೋಮ್‌ನಲ್ಲಿದ್ದರು. ಸುದ್ದಿ ಟೆಲಿಫೋನಿನಲ್ಲಿ ತಲುಪಿತು, ಅದನ್ನು ಅವರು 1922ರ ಡಿಸೆಂಬರಿನ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಪ್ರಕಟಿಸಿದರು. ಕೋಪನ್‌ಹೇಗನ್ನಿನ ಲ್ಯಾಟಿನ್ ಹೆಸರು ಹಾಫ್ನಿಯಾ, ಧಾತುವಿಗೆ ಅದೇ ಹೆಸರಾಯಿತು. ಭೂಮಿಯ ತೊಗಟೆಯಲ್ಲಿ ಬೆಳ್ಳಿಗಿಂತ ಎಷ್ಟೋ ಪಟ್ಟು ಹೆಚ್ಚಿರುವ ಈ ಲೋಹ ಜಿರ್ಕೋನಿಯಮ್‌ನೊಳಗೆ ಬೆರೆತು ಅಷ್ಟು ಕಾಲ ಕಣ್ಣಿಗೆ ಬಿದ್ದಿರಲಿಲ್ಲ.

ಈ ಬಂಧುತ್ವದ ಕಷ್ಟ ನಮ್ಮ ಕೈಗಾಕ್ಕೂ ತಟ್ಟಿದೆ. ಅಲ್ಲಿನ ರಿಯಾಕ್ಟರುಗಳಲ್ಲಿ ಯುರೇನಿಯಮ್ ಬಿಲ್ಲೆಗಳನ್ನು ತುಂಬುವ ಕೊಳವೆ ಜಿರ್ಕೋನಿಯಮ್ ಮಿಶ್ರಲೋಹದ್ದು, ಏಕೆಂದರೆ ಅದು ನ್ಯೂಟ್ರಾನ್‌ಗಳನ್ನು ಹೆಚ್ಚು ನುಂಗುವುದಿಲ್ಲ. ಹಾಫ್ನಿಯಮ್ ನೂರಾರು ಪಟ್ಟು ಹೆಚ್ಚು ನುಂಗುತ್ತದೆ. ನ್ಯೂಟ್ರಾನ್ ನುಂಗುವುದು ನ್ಯೂಕ್ಲಿಯಸ್‌ನ ಕೆಲಸ, ಅಲ್ಲಿ ಎರಡಕ್ಕೂ ಹೋಲಿಕೆಯಿಲ್ಲ. ಆದರೆ ಬೇರ್ಪಡಿಸಲು ನಮಗಿರುವುದು ರಸಾಯನಶಾಸ್ತ್ರದ ದಾರಿ, ಅದು ನೋಡುವುದು ಹೊರಗಿನ ಎಲೆಕ್ಟ್ರಾನ್‌ಗಳನ್ನೇ. ಪರಮಾಣುವಿನ ಗಾತ್ರವೂ ಹೆಚ್ಚುಕಡಿಮೆ ಒಂದೇ, ಏಕೆಂದರೆ ನಡುವೆ ತುಂಬಿದ 14 ಎಫ್ ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್‌ನ ಸೆಳೆತವನ್ನು ಸರಿಯಾಗಿ ಮರೆಮಾಡಲಾರವು, ಪರಮಾಣು ಕುಗ್ಗುತ್ತದೆ. ಹಾಗಾಗಿ ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್‌ನಲ್ಲಿ ದ್ರಾವಕ ಬಳಸಿ, ಹಂತಹಂತವಾಗಿ, ಹಾಫ್ನಿಯಮ್ ಹತ್ತು ಸಾವಿರಕ್ಕೆ ಒಂದು ಪಾಲಿಗಿಂತ ಕಡಿಮೆಯಾಗುವವರೆಗೆ ತೆಗೆಯುತ್ತಾರೆ.