ಹಂಡೆ ಒಂದು, ನೂಲು ಎರಡು

ಗುಳೇದಗುಡ್ಡ: ಇಳಕಲ್ಲ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಇಲ್ಲದಿದ್ದರೆ ಉಡುಗೆ ಪೂರ್ತಿಯಾಯಿತೆಂದು ಈ ಸೀಮೆಯ ಹೆಣ್ಣುಮಕ್ಕಳು ಒಪ್ಪುವುದಿಲ್ಲ. ತೇರು, ಸೂಜಿಮಲ್ಲಿಗೆ, ಆನೆಹೆಜ್ಜೆ ಎಂದು ಹೆಸರು ಹಿಡಿದು ಕೇಳಿ ಕೊಳ್ಳುವ ಈ ಖಣದ ನೂಲು ಮಗ್ಗಕ್ಕೆ ಏರುವ ಮುನ್ನ ಬಣ್ಣದ ಹಂಡೆಯಲ್ಲಿ ಮುಳುಗಿ ಏಳಬೇಕು. ಕೊಳ್ಳುವವರು ಮಗ್ಗದ ಸದ್ದು ಕೇಳಿರುತ್ತಾರೆ, ಬಣ್ಣದ ಮನೆಯತ್ತ ಸುಳಿದವರು ಕಡಿಮೆ. ಸುಳಿದವರೂ ಮೂಗು ಮುಚ್ಚಿಕೊಂಡು ತಿರುಗಿರುತ್ತಾರೆ.

ಸ್ವಂತ ಒಲೆ, ಹಂಡೆ, ಲಡಿ ಒಣಹಾಕುವ ಜಾಗ ಇಟ್ಟುಕೊಳ್ಳುವ ಶಕ್ತಿ ಎಲ್ಲ ನೇಕಾರರಿಗೂ ಇಲ್ಲ. ಆದ್ದರಿಂದ ನಾಲ್ಕಾರು ಮನೆಯವರು ಒಂದೇ ತಗಡಿನ ಚಪ್ಪರದಡಿ ಸರದಿಯಂತೆ ಬಣ್ಣ ಹಾಕಿಕೊಳ್ಳುವುದು ನೇಕಾರಿಕೆಯ ಊರುಗಳಲ್ಲಿ ಕಂಡ ರೂಢಿ. ಖರ್ಚು ಹಂಚಿಹೋಗುತ್ತದೆ. ಜಗಳವೂ ಅಲ್ಲೇ ಹುಟ್ಟುತ್ತದೆ.

“ಏ ತಮ್ಮಾ, ನಿನ್ನ ಕಪ್ಪ ನನ್ನ ಅರಿಷಿಣಕ್ಕ ಹತ್ತೇತಲ್ಲೋ!”

“ನಾ ತೊಳದ ಹೋಗೇನ್ರೀ ಕಾಕಾ!”

ಹಂಡೆಯ ಸುತ್ತ ಇಂಥ ಮಾತು ಹೊಸದಲ್ಲ. ತಿಳಿ ಬಣ್ಣ ಮೊದಲು, ಕೆಂಪು ಆಮೇಲೆ, ಕಪ್ಪು ಕಡೆಗೆ ಎಂದು ಸರದಿ ಇಟ್ಟುಕೊಂಡರೆ ಅರ್ಧ ಜಗಳ ನಿಲ್ಲುತ್ತದೆ. ಆದರೆ ಅವಸರದವನಿಗೆ ಸರದಿ ಯಾವುದು?

ಕಲೆ ಹತ್ತಿದ ಲಡಿಯನ್ನು ಗಾಢ ಬಣ್ಣಕ್ಕೆ ತಿರುಗಿಸಿ ಹೇಗೋ ಉಳಿಸಿಕೊಳ್ಳಬಹುದು. ಉಳಿಸಿಕೊಳ್ಳಲಾಗದ ನಷ್ಟ ಬೇರೆಯೇ ಇದೆ. ಖಣ ಹತ್ತಿ-ರೇಷ್ಮೆ ಕೂಡಿಸಿ ನೇಯುವ ಬಟ್ಟೆ. ಮಗ್ಗದ ಮೇಲೆ ಕೂಡಿ ಬಾಳುವ ಈ ಎರಡು ನೂಲು ಬಣ್ಣದ ಮನೆಯಲ್ಲಿ ಹಾವು ಮುಂಗುಸಿ. ಹತ್ತಿಗೆ ವ್ಯಾಟ್ ಜಾತಿಯ ಪಕ್ಕಾ ಬಣ್ಣ ಹಿಡಿಯಬೇಕಾದರೆ ಕಾಸ್ಟಿಕ್ ಸೋಡಾ ಬೇಕು, ಹೈಡ್ರೋಸ್ ಬೇಕು. ರೇಷ್ಮೆಗೆ ಹಾಕುವ ಆಸಿಡ್ ಬಣ್ಣಕ್ಕೆ ಹುಳಿ ಬೇಕು. ಬಿಸಿ ಕಾಸ್ಟಿಕ್ ನೀರಿನಲ್ಲಿ ರೇಷ್ಮೆ ಕರಗಿಯೇ ಹೋಗುತ್ತದೆ. ಹಿಂದಿನವನು ಹಂಡೆಯ ತಳದಲ್ಲಿ ಬಿಟ್ಟುಹೋದ ಕಾಸ್ಟಿಕ್ ಕಣ್ಣಿಗೆ ಕಾಣುವುದಿಲ್ಲ. ಲಡಿ ಒಣಗಿದಾಗಲೂ ಗೊತ್ತಾಗದೆ ಇರಬಹುದು. ಮಗ್ಗಕ್ಕೆ ಏರಿಸಿ ನೇಯಲು ಕುಳಿತಾಗ ಎಳೆ ಎಳೆ ಹರಿಯತೊಡಗುತ್ತದೆ. ಆಗ ಬೈಯುವುದಾದರೂ ಯಾರನ್ನು? ಸಾಲ ಮಾಡಿ ತಂದ ರೇಷ್ಮೆಯ ಮಾತಿದು. ಹತ್ತಿಗೊಂದು ಹಂಡೆ, ರೇಷ್ಮೆಗೊಂದು ಹಂಡೆ ಮೀಸಲಿಟ್ಟು, ಹೊರಗೆ ದಪ್ಪ ಅಕ್ಷರದಲ್ಲಿ ಬರೆಯುವುದಕ್ಕೆ ಎಷ್ಟು ಖರ್ಚಾದೀತು?

ನೂಲಿನ ಕಥೆ ಹೀಗಾದರೆ ಮನುಷ್ಯರದು ಇನ್ನೂ ನಾಜೂಕು. ಹೈಡ್ರೋಸ್ ಪುಡಿಗೆ ಹುಳಿ ಬಿದ್ದರೆ ಗಂಧಕದ ಹೊಗೆ ಏಳುತ್ತದೆ, ಉಸಿರು ಕಟ್ಟುತ್ತದೆ. ಒದ್ದೆ ಕೈ, ಒದ್ದೆ ಚಮಚ ಆ ಡಬ್ಬಿಗೆ ಹೋದರೂ ಪುಡಿ ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಅದರ ಮೇಲೆ ಚೂರುಪಾರು ನೀರು ಚಿಮುಕಿಸಿದರೆ ಕಾವು ಏರುತ್ತದೆಯೇ ವಿನಾ ಇಳಿಯುವುದಿಲ್ಲ. ಡಬ್ಬಿ ಬಿಗಿಯಾಗಿ ಮುಚ್ಚಿ ಒಣ ಜಾಗದಲ್ಲಿಡಬೇಕು, ಹುಳಿಯ ಡಬ್ಬಿ ಎದುರು ಗೋಡೆಯ ಕಡೆಗಿರಬೇಕು. ಕಾಸ್ಟಿಕ್ಕನ್ನು ತಣ್ಣೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಕಾಸ್ಟಿಕ್ಕಿನ ಮೇಲೆ ನೀರು ಸುರಿದರೆ ಕುದಿದು ಮೈಮೇಲೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಅದಕ್ಕೆ ಆಗದು. ಕಣ್ಣಿಗೆ ಸಿಡಿದರೆ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಹರಿಯುವ ನೀರಿನಲ್ಲಿ ತೊಳೆದು ದವಾಖಾನೆಗೆ ಓಡಬೇಕು, ಲಿಂಬೆಹುಳಿ ಹಿಂಡುವ ಮನೆವೈದ್ಯ ಕೂಡದು. ಇನ್ನು ಸೋಡಾ ಬಾಟಲಿಯಲ್ಲಿ ಆಸಿಡ್ ತುಂಬಿಡುವ ಜಾಣರಿಗೆ ಏನು ಹೇಳುವುದು? ಆ ಚಪ್ಪರದಲ್ಲಿ ಮಕ್ಕಳೂ ಓಡಾಡುತ್ತಾರೆ.

ಬಣ್ಣದ ಪುಡಿಯ ಧೂಳೂ ಸಣ್ಣ ವಿಷಯವಲ್ಲ. 1895ರಷ್ಟು ಹಿಂದೆಯೇ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೆನ್ ಬಣ್ಣದ ಕಾರ್ಖಾನೆಯ ಕೆಲಸಗಾರರ ಮೂತ್ರಕೋಶದಲ್ಲಿ ಗಡ್ಡೆಗಳನ್ನು ಕಂಡು ಲೋಕಕ್ಕೆ ತಿಳಿಸಿದ. ನಮ್ಮ ಕೇಂದ್ರ ಸರ್ಕಾರ ಅಪಾಯಕಾರಿಯಾದ ಹಲವು ಅಜೋ ಬಣ್ಣಗಳನ್ನು ನಿಷೇಧಿಸಿದ್ದು 1990ರ ದಶಕದಲ್ಲಿ. ಹೆಸರಿಲ್ಲದ ಪೊಟ್ಟಣದಲ್ಲಿ ಅಗ್ಗದ ಬಣ್ಣ ತರುವವರು ಇದನ್ನು ನೆನೆಯಬೇಕು. ತಂದವನೊಬ್ಬ, ಕುಡಿಯುವ ಗಾಳಿ ಎಲ್ಲರದು. ಪುಡಿ ತೂಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ತಕ್ಕಮಟ್ಟಿಗೆ ತಡೆದೀತು. ಒಳ್ಳೆಯ ಮಾಸ್ಕ್ ಇದ್ದರೆ ಮೇಲು. ಒಬ್ಬ ತೂಗುತ್ತಿರುವಾಗ ಇನ್ನೊಬ್ಬ ಫ್ಯಾನ್ ಹಚ್ಚಬಾರದು. ಚಹಾ ಅಂಗಳದಲ್ಲಿ.

ಇದನ್ನೆಲ್ಲ ನೋಡಲು ಇನ್‌ಸ್ಪೆಕ್ಟರ್ ಬರುವುದಿಲ್ಲವೇ ಎಂದು ಕೇಳಬಹುದು. 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವ ಕಡೆ ಹತ್ತು ಮಂದಿ, ಬಳಸದ ಕಡೆ ಇಪ್ಪತ್ತು ಮಂದಿ ದುಡಿಯುತ್ತಿದ್ದರೆ ಮಾತ್ರ ಕಾರ್ಖಾನೆ ಎಂದು ಎಣಿಸಿತು. ನಾಲ್ಕು ಮಂದಿಯ ಚಪ್ಪರಕ್ಕೆ ಅದು ಎಂದೂ ಕಣ್ಣೆತ್ತಿ ನೋಡಲಿಲ್ಲ. ಹೀಗಾಗಿ ಯಾರು ಯಾವಾಗ ಏನು ಹಾಕಿದರು, ತೊಳೆದರೋ ಇಲ್ಲವೋ ಎಂದು ಗೋಡೆಯ ಹಲಗೆಯ ಮೇಲೆ ಬಳಪದಲ್ಲಿ ಬರೆಯುವ ಕೆಲಸ ಹಂಡೆ ಹಂಚಿಕೊಂಡವರದೇ.

ನೀರಿನದೊಂದು ಮಾತ್ರ ಅವರ ಕೈ ಮೀರಿದ್ದು. ಮಳೆ ಕಡಿಮೆಯ ಈ ನಾಡಿನಲ್ಲಿ ಬಣ್ಣದ ನೀರು ಗಟಾರಕ್ಕೆ ಹರಿದರೆ ಓಣಿಯ ಬಾವಿ, ಬೋರ್‌ವೆಲ್ ದೂರವಿರುವುದಿಲ್ಲ. ಕಾಸ್ಟಿಕ್ ಮತ್ತು ಹುಳಿಯ ನೀರು ಬೇರೆ ಬೇರೆ ನಿಲ್ಲಲು, ಬಣ್ಣ ತಂಗಲು ಸಿಮೆಂಟಿನ ತೊಟ್ಟಿಗಳು ಬೇಕು. ತಂಗಿದ ನೀರನ್ನು ಶುದ್ಧಿ ಮಾಡುವ ಏರ್ಪಾಡೂ ಬೇಕು. ಅದು ನೇಕಾರರ ಜೇಬಿನಿಂದ ಆಗುವ ಕೆಲಸವಲ್ಲ. ಪುರಸಭೆ ಮತ್ತು ಜವಳಿ ಇಲಾಖೆ ಕೂಡಿ ಒಂದು ಓಣಿಯಲ್ಲಾದರೂ ಮೊದಲು ಮಾಡಿ ತೋರಿಸುವವೇ?